ಗುಡ್ಡದ ಹೊಂಡ, ಬಯಲಿನ ಬೋರು: ಚಾರಣದ ದಾರಿಯಲ್ಲಿ ಕುಡಿಯುವ ನೀರು

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಲ್ಲಿ ನೀರಿನ ಗುಣವು ಕೆಲವೇ ಕಿಲೋಮೀಟರ್ ಅಂತರದಲ್ಲಿ ಬದಲಾಗುತ್ತದೆ. ನರಗುಂದ ಅಥವಾ ಗಜೇಂದ್ರಗಡದ ಗುಡ್ಡಗಳ ಮೇಲಿನ ಕೋಟೆಗಳನ್ನು ಹತ್ತುವವರಿಗೆ ಎದುರಾಗುವುದು ಮಳೆನೀರು ನಿಂತ ಹೊಂಡಗಳಾದರೆ, ಕೆಳಗಿಳಿದು ಎರೆಹೊಲಗಳ ನಡುವೆ ಸಾಗುವವರಿಗೆ ಸಿಗುವುದು ಬೋರಿನ ನೀರು. ಇವೆರಡರ ದೋಷಗಳು ಬೇರೆಬೇರೆಯಾಗಿರುವುದರಿಂದ, ಕುದಿಸಿದ ನೀರೆಲ್ಲ ಶುದ್ಧ ನೀರು ಎಂಬ ನಂಬಿಕೆ ಈ ನೆಲದ ಮಟ್ಟಿಗೆ ಅರ್ಧ ಮಾತ್ರ ನಿಜ.

ಹೊಂಡದ ನೀರಿನ ದೋಷವು ಮುಖ್ಯವಾಗಿ ಸೂಕ್ಷ್ಮಜೀವಿಗಳದ್ದು. ಮನುಷ್ಯರ ಮತ್ತು ದನಕುರಿಗಳ ಮಲವು ಮಳೆಯೊಡನೆ ಹರಿದು ಸೇರಿದ ನೀರಿನಿಂದ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆ ಮತ್ತು ಆಮಶಂಕೆಗಳು ಹರಡುತ್ತವೆ. ಇವುಗಳ ಜೊತೆಗೆ ನಾರುಹುಣ್ಣಿನ ಇತಿಹಾಸವನ್ನೂ ನೆನೆಯಬೇಕು. ರೋಗಿಯ ಕಾಲಿನ ಹುಣ್ಣಿನಿಂದ ನೀರಿಗಿಳಿದ ಮರಿಹುಳುಗಳನ್ನು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಜೀವಿಯು ನುಂಗುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರ ದೇಹದಿಂದ ಸುಮಾರು ಒಂದು ವರ್ಷದ ಬಳಿಕ ದಾರದಂತಹ ಉದ್ದನೆಯ ಹುಳು ಹೊರಬರುತ್ತಿತ್ತು. ಸೂಡಿಯ ನಾಗಕುಂಡವೆಂಬ ಮೆಟ್ಟಿಲುಬಾವಿಯನ್ನು ಕಂಡವರು ಚಾಲುಕ್ಯರ ಕಾಲದ ಕಲ್ಲುಕೆಲಸಕ್ಕೆ ತಲೆದೂಗುವುದು ಸಹಜವೇ. ಆದರೆ ಜನರು ಕಾಲಿಟ್ಟು ಇಳಿದು ಕೊಡ ತುಂಬುವ ಇಂಥ ಬಾವಿಗಳೇ ಈ ರೋಗಕ್ಕೆ ಅನುಕೂಲವಾದ ತಾಣಗಳಾಗಿದ್ದವು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳನ್ನು ಕಾಡಿದ ನಾರುಹುಣ್ಣಿನಿಂದ ಭಾರತವು ಮುಕ್ತವಾಗಿದೆಯೆಂದು 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ಲಸಿಕೆಯಾಗಲಿ ಔಷಧವಾಗಲಿ ಇಲ್ಲದ ಈ ರೋಗವನ್ನು ಗೆದ್ದದ್ದರಲ್ಲಿ ನೀರು ಸೋಸುವ ಬಟ್ಟೆಯ ಪಾಲು ದೊಡ್ಡದು.

ಆದ್ದರಿಂದ ಚಾರಣಿಗರ ಚೀಲದಲ್ಲಿ ಶುಭ್ರವಾದ ಒತ್ತುನೇಯ್ಗೆಯ ಹತ್ತಿಬಟ್ಟೆಯೊಂದು ಇರಲೇಬೇಕು. ಆದರೆ ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳು ಬಟ್ಟೆಯ ಎಳೆಗಳ ನಡುವೆ ಸುಲಭವಾಗಿ ನುಸುಳುವುದರಿಂದ ಸೋಸಿದ ನೀರನ್ನು ಕುದಿಸಬೇಕಾಗುತ್ತದೆ. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಬಹಳ ಕೆಳಗಿರುವ ಈ ಗುಡ್ಡಗಳಲ್ಲಿ, ಕೊತಕೊತನೆ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಒಣಹುಲ್ಲಿನ ಗುಡ್ಡದಲ್ಲಿ ಬೆಂಕಿ ಹಚ್ಚುವುದು ಅಪಾಯವೆನಿಸಿದಾಗ ಕ್ಲೋರಿನ್ ಮಾತ್ರೆ ಹಾಕಿ ಕನಿಷ್ಠ ಅರ್ಧ ಗಂಟೆ ಕಾಯಬಹುದು. ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯು ಇದಕ್ಕೆ ಜಗ್ಗುವುದಿಲ್ಲ, ರಾಡಿ ನೀರಿನಲ್ಲಿ ಕ್ಲೋರಿನ್ ಕೆಸರಿಗೇ ವ್ಯಯವಾಗುತ್ತದೆ. ಬಯಲುಸೀಮೆಯ ಬಿಸಿಲಿಗೆ ಹೊಂದುವ ಮತ್ತೊಂದು ಕ್ರಮವೆಂದರೆ, ತಿಳಿನೀರನ್ನು ಪಾರದರ್ಶಕ ಪೆಟ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ನೇರ ಬಿಸಿಲಿಗೆ ಮಲಗಿಸಿಡುವುದು. ಹಸಿರು ಪಾಚಿಯ ಕೆನೆ ಕಟ್ಟಿದ ನೀರನ್ನಂತೂ ಮುಟ್ಟಬಾರದು, ಏಕೆಂದರೆ ಕೆಲವು ಪಾಚಿಗಳ ವಿಷವು ಕುದಿಸಿದರೂ ಉಳಿಯುತ್ತದೆ.

ಗಜೇಂದ್ರಗಡದ ಕಾಲಕಾಲೇಶ್ವರ ಕ್ಷೇತ್ರದ ಅಂತರಗಂಗೆಯಂತಹ ಒರತೆಯ ನೀರು ಹೊಂಡದ ನೀರಿಗಿಂತ ಮೇಲಾಗಿರುವುದು ಸಾಧ್ಯ. ಆದರೆ ಅದು ಪುಷ್ಕರಣಿಗೆ ಬಿದ್ದ ಕ್ಷಣದಿಂದ ಸ್ನಾನದ ನೀರೇ ಆಗುವುದರಿಂದ, ಒರತೆಯ ಬಾಯಲ್ಲೇ ತುಂಬಿಕೊಂಡು ಕುದಿಸಿ ಕುಡಿಯುವುದು ಕ್ಷೇಮ. ಇದರಿಂದ ತೀರ್ಥದ ಗೌರವಕ್ಕೆ ಕುಂದೇನೂ ಇಲ್ಲ.

ಬೋರಿನ ನೀರಿನ ಸಂಗತಿ ಹೊಂಡದ ನೀರಿಗೆ ವಿರುದ್ಧವಾದುದು. ಸವಳು ನೀರನ್ನು ನಾಲಗೆಯೇ ಗುರುತಿಸುತ್ತದೆ, ಆದರೆ ಬಂಡೆಯ ಖನಿಜಗಳಿಂದ ಕರಗಿ ಬರುವ ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರು ಇಲ್ಲದಿದ್ದಲ್ಲಿ 1.5ರವರೆಗೆ ಸಹ್ಯ. ಗದಗ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲ ಈ ಮಿತಿಯನ್ನು ಮೀರಿದೆ. ಇಂಥ ನೀರನ್ನು ಕುದಿಸಿದರೆ ನೀರು ಆವಿಯಾಗಿ, ಉಳಿದುದರಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕ್ಲೋರಿನ್ ಮಾತ್ರೆಯೂ ಬಟ್ಟೆಯೂ ಇಲ್ಲಿ ನಿರುಪಯೋಗಿ. ಹಲ್ಲನ್ನು ಕಲೆಗೊಳಿಸಿ ಮೂಳೆಯನ್ನು ಬಿಗಿಯಿಸುವ ಫ್ಲೋರೋಸಿಸ್ ವರ್ಷಗಟ್ಟಲೆ ಕುಡಿದವರಿಗೆ ಬರುವ ಬಾಧೆಯಾದ್ದರಿಂದ, ಒಂದು ದಿನದ ಚಾರಣಿಗರು ಅದಕ್ಕೆ ಹೆದರಿ ಬಾಯಾರಿ ಬಳಲಬೇಕಿಲ್ಲ. ಅದೇ ನೀರನ್ನು ಹುಟ್ಟಿದಂದಿನಿಂದ ಕುಡಿಯುವ ಹಳ್ಳಿಯ ಮಕ್ಕಳ ಸ್ಥಿತಿಯೇ ನಿಜವಾದ ಚಿಂತೆಯ ವಿಷಯ, ಮಲಪ್ರಭೆಯ ನೀರು ಈ ಊರುಗಳಿಗೆ ಅನಿವಾರ್ಯವಾಗಿರುವುದಕ್ಕೆ ಒಂದು ಕಾರಣವೂ ಇದೇ.

ಗುಡ್ಡ ಹತ್ತುವ ಮೊದಲು ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಬಾಟಲಿ ತುಂಬಿಕೊಳ್ಳುವುದು ಎಲ್ಲಕ್ಕಿಂತ ಸರಳವಾದ ದಾರಿ. ಅಲ್ಲಿನ ಸೂಕ್ಷ್ಮ ಪೊರೆಗಳು ಫ್ಲೋರೈಡನ್ನೂ ಉಪ್ಪನ್ನೂ ಬಹುಪಾಲು ತಡೆಯುತ್ತವೆ. ಆದರೆ ಹಾಗೆ ಶೋಧಿಸಿದ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ನಿನ ಕಾವಲು ಉಳಿದಿರುವುದಿಲ್ಲವಾದ್ದರಿಂದ, ಬಾಟಲಿಯನ್ನು ಮೊದಲೇ ಚೆನ್ನಾಗಿ ತೊಳೆದು ಒಣಗಿಸಿಟ್ಟಿರಬೇಕು.