ಕರೋಕೆ ಕೂಟಕ್ಕೆ ತಕ್ಕ ಮಿಕ್ಸರ್

ಚಲನಚಿತ್ರಗೀತೆಯೊಂದನ್ನು ವೇದಿಕೆಯ ಮೇಲೆ ಹಾಡಬೇಕಾದರೆ ಹಾರ್ಮೋನಿಯಂ, ತಬಲ, ಕೊಳಲು, ಪಿಟೀಲುಗಳ ವಾದ್ಯವೃಂದ ಜೊತೆಗಿರಲೇಬೇಕೆಂದೂ, ಅಂಥ ವೃಂದದ ಮುಂದೆ ನಿಲ್ಲುವ ಯೋಗ್ಯತೆ ಕೆಲವೇ ಕಂಠಗಳಿಗೆ ಉಂಟೆಂದೂ ಜನರು ನಂಬಿದ್ದ ಕಾಲವೊಂದಿತ್ತು. ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಂಥ ನಗರಗಳಲ್ಲಿಯೂ ಅನೇಕ ಸಣ್ಣ ಊರುಗಳಲ್ಲಿಯೂ ನಿವೃತ್ತ ಶಿಕ್ಷಕರು, ಬ್ಯಾಂಕಿನ ನೌಕರರು, ಗೃಹಿಣಿಯರು, ವಿದ್ಯಾರ್ಥಿಗಳು ತಮ್ಮ ಮೊಬೈಲಿನಲ್ಲಿರುವ, ಗಾಯನವಿಲ್ಲದೆ ವಾದ್ಯಸಂಗೀತವಷ್ಟೇ ಉಳ್ಳ ಟ್ರ್ಯಾಕೊಂದನ್ನೇ ವಾದ್ಯವೃಂದವನ್ನಾಗಿ ಮಾಡಿಕೊಂಡು, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಡಾ. ರಾಜ್‌ಕುಮಾರ್ ಅವರ ಗೀತೆಗಳನ್ನು ಸಂಕೋಚವಿಲ್ಲದೆ ಹಾಡುತ್ತಿದ್ದಾರೆ. ರಾಜ್ಯೋತ್ಸವಕ್ಕೂ ಗಣೇಶೋತ್ಸವಕ್ಕೂ ಏಪ್ರಿಲ್ 24ರ ರಾಜ್‌ಕುಮಾರ್ ಜನ್ಮದಿನಕ್ಕೂ ನಡೆಯುವ ಇಂಥ ಕರೋಕೆ ಕೂಟಗಳಲ್ಲಿ ಹಾಡುವವರ ಶ್ರದ್ಧೆಗೆ ಎಂದೂ ಕೊರತೆಯಿರುವುದಿಲ್ಲ. ಆದರೂ ಎಷ್ಟೋ ಸಲ ಸಾಹಿತ್ಯದ ಒಂದಕ್ಷರವೂ ತಿಳಿಯದಂತೆ ಟ್ರ್ಯಾಕಿನ ಗದ್ದಲದಲ್ಲಿ ದನಿ ಮುಳುಗಿಹೋಗುತ್ತದೆ. ಈ ದುರವಸ್ಥೆಗೆ ಬಹುಮಟ್ಟಿಗೆ ಕಾರಣವಾಗುವುದು ಮೈಕಿಗೂ ಸ್ಪೀಕರಿಗೂ ನಡುವೆ ಕುಳಿತಿರುವ ಮಿಕ್ಸರ್ ಎಂಬ ಸಣ್ಣ ಪೆಟ್ಟಿಗೆ. ಅಲ್ಪ ವೆಚ್ಚದಲ್ಲಿ ಅದನ್ನು ವಿವೇಕದಿಂದ ಆರಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಕರೋಕೆಯ ಹುಟ್ಟನ್ನು ನೆನೆದರೆ ಈ ಆಯ್ಕೆಯ ಉದ್ದೇಶವೂ ಸ್ಪಷ್ಟವಾಗುತ್ತದೆ. ಅದರ ಆದ್ಯ ನಿರ್ಮಾಪಕರಲ್ಲಿ ಒಬ್ಬನಾದ ಡೈಸುಕೆ ಇನೋಯೆ ಜಪಾನಿನ ಕೋಬೆ ನಗರದ ಪಾನಗೃಹಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸಿ ಜೀವಿಸುತ್ತಿದ್ದವನು. ಪರವೂರಿಗೆ ಹೊರಟಿದ್ದ ಗಿರಾಕಿಯೊಬ್ಬನ ಜೊತೆಗೆ ಹೋಗಲಾಗದೆ, ಆತನ ಕಂಠಕ್ಕೆ ಒಗ್ಗುವಂತೆ ನುಡಿಸಿದ ವಾದ್ಯಸಂಗೀತವನ್ನು ಟೇಪಿನಲ್ಲಿ ತುಂಬಿ ಕೊಟ್ಟದ್ದು, ಮುಂದೆ 1971ರಲ್ಲಿ ಇನೋಯೆ ನಾಣ್ಯ ಹಾಕಿ ಹಾಡತಕ್ಕ ಯಂತ್ರವನ್ನು ಸಿದ್ಧಪಡಿಸುವುದಕ್ಕೆ ಪ್ರೇರಣೆಯಾಯಿತು. ಮೊದಲಿಗೆ ಇಂಥ 11 ಯಂತ್ರಗಳನ್ನು ಮಾಡಿ ಬಾಡಿಗೆಗೆ ಕೊಟ್ಟ ಇನೋಯೆ ಅದಕ್ಕೆ ಪೇಟೆಂಟನ್ನು ಪಡೆಯಲಿಲ್ಲ. ತರಬೇತಿಯಿಲ್ಲದ ಕಂಠಕ್ಕೆ ಆಸರೆಯಾಗಿ ಹುಟ್ಟಿಕೊಂಡ ಈ ಕಲೆಯಲ್ಲಿ ಉಪಯೋಗಿಸುವ ಪ್ರತಿಯೊಂದು ಉಪಕರಣವನ್ನೂ, ಅದು ಆ ಕಂಠಕ್ಕೆ ಎಷ್ಟು ಆಸರೆಯಾಗುತ್ತದೆಂಬ ಒಂದೇ ಮಾನದಂಡದಿಂದ ಅಳೆಯುವುದು ಯುಕ್ತ.

ಮಿಕ್ಸರ್ ಮಾಡುವ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ಮೈಕಿನೊಳಗೆ ಹುಟ್ಟುವ ವಿದ್ಯುತ್ ಸಂಕೇತ ಅತ್ಯಂತ ಕ್ಷೀಣವಾದದ್ದು, ಕೆಲವೇ ಮಿಲಿವೋಲ್ಟುಗಳಷ್ಟು. ಮೊಬೈಲಿನಿಂದ ಹೊರಡುವ ಟ್ರ್ಯಾಕಿನ ಸಂಕೇತವಾದರೋ ಅದರ ನೂರು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಹೀಗೆ ಅಸಮಾನವಾದ ಎರಡನ್ನೂ ಸಮಾನ ಮಟ್ಟಕ್ಕೆ ತಂದು, ಬೇಕಾದ ಪ್ರಮಾಣದಲ್ಲಿ ಬೆರೆಸಿ ಸ್ಪೀಕರಿಗೆ ಒಪ್ಪಿಸುವುದೇ ಮಿಕ್ಸರಿನ ಧರ್ಮ. ಮೈಕಿನ ಸಂಕೇತವನ್ನು ಎತ್ತರಿಸುವ ಒಳಗಿನ ವ್ಯವಸ್ಥೆಗೆ ಪ್ರೀಆಂಪ್ ಎಂದೂ, ಎಷ್ಟು ಎತ್ತರಿಸಬೇಕೆಂಬುದನ್ನು ನಿರ್ಧರಿಸುವ ತಿರುಗಣೆಗೆ ಗೇನ್ ಎಂದೂ ಹೆಸರು. ಅಗ್ಗದ ಮಿಕ್ಸರಿಗೂ ಉತ್ತಮ ಮಿಕ್ಸರಿಗೂ ಇರುವ ನಿಜವಾದ ಅಂತರ ಬಹುತೇಕ ಈ ಪ್ರೀಆಂಪಿನಲ್ಲಿಯೇ ಅಡಗಿದೆ.

ಖರೀದಿಗೆ ಹೊರಟವರು ಮೊದಲು ಎಡವುವುದು ಎಣಿಕೆಯಲ್ಲಿ. ಡಬ್ಬಿಯ ಮೇಲೆ ಹತ್ತು ಚಾನೆಲ್ ಎಂದು ಬರೆದಿದ್ದರೆ ಹತ್ತು ಮೈಕುಗಳನ್ನು ಜೋಡಿಸಬಹುದೆಂದು ಭಾವಿಸುವವರು ಬಹಳ. ತಯಾರಕರು ಎಡ ಬಲಗಳೆಂಬ ಎರಡು ಧಾರೆಗಳುಳ್ಳ ಒಂದು ಸ್ಟೀರಿಯೋ ಚಾನೆಲನ್ನು ಎರಡೆಂದು ಎಣಿಸುತ್ತಾರೆ. ಯಮಾಹಾ ಸಂಸ್ಥೆಯ ಎಂಜಿ10ಎಕ್ಸ್‌ಯು ಎಂಬ ಮಾದರಿಯಲ್ಲಿ ನಾಲ್ಕು ಮೈಕುಗಳಿಗೂ ಮೂರು ಸ್ಟೀರಿಯೋ ಜೋಡಿಗಳಿಗೂ ಸ್ಥಳವಿದ್ದು, ಒಟ್ಟು ಹತ್ತಾಗುತ್ತದೆ. ಅದೇ ಸಂಸ್ಥೆಯ ಎಂಜಿ06ಎಕ್ಸ್ ಎಂಬ ಆರು ಚಾನೆಲಿನ ಕಿರಿಯ ಮಾದರಿಯಲ್ಲಿ ಮೈಕಿಗೆ ಇರುವುದು ಎರಡೇ ಸ್ಥಾನ. ಆದುದರಿಂದ ಡಬ್ಬಿಯ ಸಂಖ್ಯೆಯನ್ನು ಬದಿಗಿಟ್ಟು, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕಿಂಡಿಗಳು ಎಷ್ಟಿವೆಯೆಂದು ಕಣ್ಣಾರೆ ಎಣಿಸತಕ್ಕದ್ದು. ಯುಗಳಗೀತೆ ಇಲ್ಲದ ಕರೋಕೆ ಕೂಟ ಅಪರೂಪವಾದುದರಿಂದ ಎರಡು ಮೈಕುಗಳಿಗೆ ಸ್ಥಳ ಇರಲೇಬೇಕು. ನಿರೂಪಕರಿಗೆ ಬೇರೊಂದು ಮೈಕು ಬೇಕೆನ್ನುವ, ಆಗಾಗ ಸಮೂಹಗಾನವನ್ನೂ ನಡೆಸುವ ಕೂಟಕ್ಕೆ ನಾಲ್ಕಿದ್ದರೆ ಉತ್ತಮ. ಅದಕ್ಕೂ ಹೆಚ್ಚಿನ ಚಾನೆಲುಗಳಿಗೆ ಹಣ ತೆರುವುದು ಸಣ್ಣ ಕೂಟಗಳಿಗೆ ಅನಾವಶ್ಯಕ.

ಮಿಕ್ಸರಿನಲ್ಲಿ ಎರಡು ಜಾತಿಗಳಿರುವುದನ್ನೂ ಮೊದಲೇ ತಿಳಿದಿರಬೇಕು. ಸ್ಪೀಕರಿಗೆ ಬೇಕಾದ ಶಕ್ತಿಯನ್ನು ತಾನೇ ಒದಗಿಸುವ ಪವರ್ಡ್ ಮಿಕ್ಸರ್ ಒಂದು. ಸಂಕೇತಗಳನ್ನು ಬೆರೆಸುವುದನ್ನು ಮಾತ್ರ ಮಾಡಿ, ಶಕ್ತಿಯ ಭಾರವನ್ನು ಪ್ರತ್ಯೇಕ ಆಂಪ್ಲಿಫೈಯರಿಗೆ ಇಲ್ಲವೆ ಆಂಪ್ಲಿಫೈಯರನ್ನು ತನ್ನೊಳಗೇ ಹೊಂದಿದ ಆಕ್ಟಿವ್ ಸ್ಪೀಕರಿಗೆ ಬಿಡುವ ಸಾಧಾರಣ ಮಿಕ್ಸರ್ ಇನ್ನೊಂದು. ಸಂಘದಲ್ಲಾಗಲಿ ಮನೆಯಲ್ಲಾಗಲಿ ಈಗಾಗಲೇ ಇರುವ ಸ್ಪೀಕರ್ ಯಾವ ಬಗೆಯದೆಂದು ನೋಡಿಕೊಳ್ಳದೆ ಅಂಗಡಿಗೆ ಹೋದರೆ, ತಂದ ವಸ್ತು ಎಷ್ಟೇ ಉತ್ತಮವಾಗಿದ್ದರೂ ಪ್ರಯೋಜನಕ್ಕೆ ಬಾರದೆ ಹೋಗಬಹುದು.

ಮೊಬೈಲನ್ನು ಮಿಕ್ಸರಿಗೆ ಜೋಡಿಸುವ ಕ್ರಮ ಕ್ಷುಲ್ಲಕವೆಂದು ತೋರಿದರೂ, ಅದರ ಹಿಂದೆ ಅರಿತುಕೊಳ್ಳತಕ್ಕ ಒಂದು ತತ್ತ್ವವಿದೆ. ಮೈಕಿನ ಚಾನೆಲುಗಳು, ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಬರುವ ಒಂದೇ ಸಂಕೇತವನ್ನು ಸ್ವೀಕರಿಸಿ, ಒಂದರಿಂದ ಇನ್ನೊಂದನ್ನು ಕಳೆಯುತ್ತವೆ. ದಾರಿಯಲ್ಲಿ ಎರಡಕ್ಕೂ ಸಮಾನವಾಗಿ ಅಂಟಿಕೊಂಡ ಗೊರಗೊರ ಶಬ್ದ ಆ ವ್ಯವಕಲನದಿಂದ ಮಾಯವಾಗಿ ಶುದ್ಧ ಸಂಕೇತ ಉಳಿಯುತ್ತದೆ. ಆದರೆ ಮೊಬೈಲಿನ ಸ್ಟೀರಿಯೋ ತಂತಿಯನ್ನು ಇಂಥ ಒಂದು ಕಿಂಡಿಗೆ ನೇರವಾಗಿ ಚುಚ್ಚಿದರೆ, ಮಿಕ್ಸರ್ ತನ್ನ ಸ್ವಭಾವಕ್ಕನುಸಾರವಾಗಿ ಎಡದ ಧಾರೆಯಿಂದ ಬಲದ ಧಾರೆಯನ್ನು ಕಳೆದುಬಿಡುತ್ತದೆ. ಎರಡೂ ಧಾರೆಗಳಲ್ಲಿ ಸಮಾನವಾಗಿರುವ ತಾಳವಾದ್ಯ, ಮಂದ್ರದ ನಾದ ಮೊದಲಾದವೆಲ್ಲ ಅಡಗಿ, ಟ್ರ್ಯಾಕು ಟೊಳ್ಳಾಗಿ ಕೇಳಿಸುತ್ತದೆ. ಯಂತ್ರವೇ ಕೆಟ್ಟಿದೆಯೆಂದು ಜನ ಗಾಬರಿಗೊಳ್ಳುತ್ತಾರೆ. ಒಂದು ತುದಿಯಲ್ಲಿ ಮೊಬೈಲಿನ ಸಣ್ಣ ಪಿನ್ನೂ ಇನ್ನೊಂದು ತುದಿಯಲ್ಲಿ ಎಡ ಬಲಗಳ ಎರಡು ದೊಡ್ಡ ಮೋನೋ ಪಿನ್ನುಗಳೂ ಇರುವ ತಂತಿಯನ್ನು ತಂದು, ಸ್ಟೀರಿಯೋ ಚಾನೆಲಿಗೆ ಸೇರಿಸುವುದೇ ಸರಿಯಾದ ಕ್ರಮ. ಕೆಲವು ಮಿಕ್ಸರುಗಳಲ್ಲಿ ಮೂಲಗೀತೆಯಿಂದ ಗಾಯಕನ ದನಿಯನ್ನು ತೆಗೆದುಹಾಕುವುದೆಂದು ಹೇಳುವ ಗುಂಡಿಯೂ ಇದೇ ವ್ಯವಕಲನದಿಂದ ಕೆಲಸ ಮಾಡುತ್ತದೆ. 1960ರ ದಶಕದ ನಮ್ಮ ಚಿತ್ರಗೀತೆಗಳು ಏಕಧಾರೆಯ ಧ್ವನಿಮುದ್ರಣಗಳಾಗಿದ್ದು, ಎಡ ಬಲಗಳೆರಡೂ ಅವುಗಳಲ್ಲಿ ಒಂದೇ ಆಗಿರುವುದರಿಂದ, ಆ ಗುಂಡಿಯನ್ನು ಒತ್ತಿದಾಗ ಗಾಯಕನೊಡನೆ ವಾದ್ಯವೃಂದವೂ ಇಲ್ಲವಾಗುತ್ತದೆ. ಹಳೆಯ ಗೀತೆಗಳನ್ನು ಪ್ರೀತಿಸುವವರು ಈ ಗುಂಡಿಗಾಗಿ ಹೆಚ್ಚಿನ ಬೆಲೆ ಕೊಡದೆ, ವಾದ್ಯಗಾರರು ಪುನಃ ನುಡಿಸಿ ಸಿದ್ಧಪಡಿಸಿದ ಟ್ರ್ಯಾಕುಗಳನ್ನು ಆಶ್ರಯಿಸುವುದು ಮೇಲು.

ಇನ್ನು ಸ್ವರದ ಗುಣವನ್ನು ತಿದ್ದುವ ತಿರುಗಣೆಗಳು. ಸಣ್ಣ ಮಿಕ್ಸರುಗಳಲ್ಲಿಯೂ ಮೈಕಿನ ಪ್ರತಿಯೊಂದು ಚಾನೆಲಿಗೆ ಲೋ, ಮಿಡ್, ಹೈ ಎಂಬ ಮೂರು ನಿಯಂತ್ರಣಗಳಿರುವುದು ಅಪೇಕ್ಷಣೀಯ. ಎರಡೇ ಇದ್ದರೂ ನಡೆದೀತು, ಒಂದೂ ಇಲ್ಲದುದು ಹಾಡುಗಾರಿಕೆಗೆ ಸಲ್ಲದು. ತುಟಿಗೆ ತಾಗುವಂತೆ ಮೈಕನ್ನು ಹಿಡಿದಾಗ ಮಂದ್ರದ ಅಂಶ ಅಸಹಜವಾಗಿ ಉಬ್ಬಿಕೊಳ್ಳುವುದು ವೇದಿಕೆಯ ಮೈಕುಗಳ ಸ್ವಭಾವ. ಆ ಉಬ್ಬರವನ್ನು ಲೋ ತಿರುಗಣೆಯಿಂದ ತಗ್ಗಿಸಿ, 80 ಹರ್ಟ್ಸಿಗಿಂತ ಕೆಳಗಿನ ಗುಡುಗನ್ನು ಲೋಕಟ್ ಗುಂಡಿಯಿಂದ ನಿವಾರಿಸಿದರೆ ಕಂಠ ತಿಳಿಯಾಗುತ್ತದೆ. ಸ, ಶ, ಷ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ನೆಲೆಸಿರುವುದು ಸರಿಸುಮಾರು 2000 ಹರ್ಟ್ಸಿನಿಂದ ಮೇಲಣ ಕಂಪನಗಳಲ್ಲಿ. ಒತ್ತಕ್ಷರಗಳಿಂದ ತುಂಬಿದ ಕನ್ನಡ ಸಾಹಿತ್ಯವನ್ನು ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮುಟ್ಟಿಸಬೇಕಾದರೆ ಆ ಪ್ರದೇಶಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕು. ಬೇಕಾದುದನ್ನು ಹೆಚ್ಚಿಸುವುದಕ್ಕಿಂತ ಬೇಡವಾದುದನ್ನು ತಗ್ಗಿಸುವುದು ಇಲ್ಲಿ ಯಾವಾಗಲೂ ಹಿತಕರ.

ನಮ್ಮವರು ಎಕೋ ಎಂದು ಕರೆಯುವ ಅನುರಣನದ ವ್ಯವಸ್ಥೆ ಕರೋಕೆಗೆ ಅವಶ್ಯವಾದದ್ದು. ಟ್ರ್ಯಾಕು ಸ್ಟುಡಿಯೋದಲ್ಲಿ ಹದಗೊಂಡು ಬಂದಿರುವುದರಿಂದ, ಒಣಗಿದ ದನಿ ಅದರೊಡನೆ ಬೆರೆಯದೆ ಬೇರೆಯಾಗಿಯೇ ನಿಲ್ಲುತ್ತದೆ. ಸ್ವಲ್ಪ ಅನುರಣನ ದೊರೆತಾಗ ಎರಡೂ ಒಂದೇ ಆವರಣದಲ್ಲಿ ಹುಟ್ಟಿದಂತೆ ಕೇಳಿಸುತ್ತವೆ, ಹಾಡುವವನಿಗೂ ಧೈರ್ಯ ಬರುತ್ತದೆ. ಆದುದರಿಂದ ಎಫೆಕ್ಟ್ಸ್ ಎಂಬ ಈ ವ್ಯವಸ್ಥೆಯನ್ನು ಒಳಗೊಂಡಿರುವ ಮಾದರಿಯನ್ನೇ ಕೊಳ್ಳಬೇಕು. ಅದರ ಪ್ರಮಾಣವನ್ನು ಒಂದೊಂದು ಮೈಕಿಗೂ ಪ್ರತ್ಯೇಕವಾಗಿ ನಿಗದಿಪಡಿಸುವ ತಿರುಗಣೆ ಇದೆಯೇ ಎಂಬುದನ್ನೂ ಗಮನಿಸಬೇಕು. ಹಾಗಿದ್ದರೆ ನಿರೂಪಕರ ಮಾತು ಮಾರ್ದನಿಗೊಂಡು ಅಸ್ಪಷ್ಟವಾಗುವ ತೊಂದರೆಯಿರುವುದಿಲ್ಲ. ದನಿ ಮರುಕಳಿಸುವ ಡಿಲೇ ಎಂಬ ಬಗೆಯನ್ನು ಬಳಸುವುದಾದರೆ ಅದು ಹಾಡಿನ ಲಯಕ್ಕೆ ಹೊಂದಿರತಕ್ಕದ್ದು: ನಿಮಿಷಕ್ಕೆ 120 ಎಣಿಕೆಯ ನಡೆಯಲ್ಲಿ ಒಂದೆಣಿಕೆಯ ಅವಧಿ ಅರ್ಧ ಸೆಕೆಂಡು, ಮರುದನಿಯೂ ಅಷ್ಟಕ್ಕೆ ಅಥವಾ ಅದರ ಅರ್ಧಕ್ಕೆ ಬಂದರೆ ತಾಳದೊಡನೆ ಕಲಹವಿರುವುದಿಲ್ಲ. ಅಪಶ್ರುತಿಯನ್ನು ಮುಚ್ಚುವ ಆಸೆಯಿಂದ ಎಕೋವನ್ನು ತುಂಬಿಸಿದರೆ ಸಾಹಿತ್ಯವೇ ಮುಚ್ಚಿಹೋಗುತ್ತದೆ.

ಮೈಕು ಕೂಗುವುದೆಂದು ನಾವು ಹೇಳುವ ಆ ಕರ್ಕಶ ನಾದ, ಸ್ಪೀಕರಿನಿಂದ ಹೊರಟ ದನಿ ಪುನಃ ಮೈಕನ್ನು ಹೊಕ್ಕು, ಮತ್ತೆ ಹಿಗ್ಗಿ, ಮತ್ತೆ ಹೊರಟು, ಹೀಗೆ ಆವರ್ತಿಸುವುದರಿಂದ ಹುಟ್ಟುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಲಾರ್ಸೆನ್ನನ ಹೆಸರನ್ನು ಪಡೆದಿರುವ ಈ ಪರಿಣಾಮಕ್ಕೆ ಮಿಕ್ಸರಿನಲ್ಲಿ ಪರಿಹಾರವನ್ನು ಹುಡುಕುವುದಕ್ಕೆ ಮುಂಚೆ, ಸ್ಪೀಕರುಗಳನ್ನು ಹಾಡುವವರಿಗಿಂತ ಮುಂದಕ್ಕೆ, ಶ್ರೋತೃಗಳ ಕಡೆಗೆ ಮುಖಮಾಡಿ ಇರಿಸಬೇಕು. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿಕೊಂಡು ಹಾಡಬಾರದು. ಅನಂತರ, ಗಾಯಕನು ಅತ್ಯುಚ್ಚ ಸ್ಥಾಯಿಯಲ್ಲಿ ಹಾಡುವಾಗಲೂ ಪೀಕ್ ಎಂಬ ಕೆಂಪು ದೀಪ ಅಪರೂಪಕ್ಕೊಮ್ಮೆ ಮಾತ್ರ ಮಿನುಗುವಷ್ಟಕ್ಕೆ ಗೇನನ್ನು ನಿಲ್ಲಿಸಿ, ಟ್ರ್ಯಾಕನ್ನು ದನಿಗಿಂತ ತುಸು ಕೆಳಗಿರಿಸಬೇಕು. ಕಚೇರಿಯಲ್ಲಿ ಒಳ್ಳೆಯ ಪಕ್ಕವಾದ್ಯಗಾರನು ಗಾಯಕನನ್ನು ಮೀರದೆ ಹಿಂಬಾಲಿಸುವಂತೆ ಟ್ರ್ಯಾಕು ಹಾಡನ್ನು ಹೊತ್ತು ನಡೆಯಬೇಕು.

ಬ್ಲೂಟೂತ್, ಯುಎಸ್‌ಬಿ, ಮೈಕಿಗೆ ಮಿಕ್ಸರಿನಿಂದಲೇ ವಿದ್ಯುತ್ತನ್ನು ಒದಗಿಸುವ 48 ವೋಲ್ಟಿನ ಫ್ಯಾಂಟಮ್ ಪವರ್ ಮೊದಲಾದವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬ್ಲೂಟೂತಿನಲ್ಲಿ ಸಂಕೇತ ತುಸು ತಡವಾಗಿ ತಲುಪುವುದಾದರೂ, ಗಾಯಕನು ಸ್ಪೀಕರಿನಿಂದ ಬಂದ ಟ್ರ್ಯಾಕನ್ನೇ ಕೇಳಿ ಹಾಡುವುದರಿಂದ ಬಾಧಕವಿಲ್ಲ. ಮೈಕನ್ನೇ ಬ್ಲೂಟೂತಿನಲ್ಲಿ ಜೋಡಿಸಿದರೆ ಮಾತ್ರ ಹಾಡು ಲಯದಿಂದ ಹಿಂದೆ ಬೀಳುತ್ತದೆ. ಯುಎಸ್‌ಬಿ ಬೇಕಾಗುವುದು ಕಾರ್ಯಕ್ರಮವನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳುವವರಿಗೆ. ವೇದಿಕೆಯಲ್ಲಿ ಬಳಸುವ ಡೈನಮಿಕ್ ಮೈಕುಗಳಿಗೆ ಫ್ಯಾಂಟಮ್ ಪವರ್ ಅನಗತ್ಯ. ಮೊಬೈಲನ್ನು ಚಾರ್ಜಿಗೆ ಹಾಕಿದೊಡನೆ ಸ್ಪೀಕರಿನಲ್ಲಿ ಗುಂಯ್‌ಗುಡುವ ಶಬ್ದ ಎದ್ದರೆ, ಚಾರ್ಜರನ್ನು ಕಿತ್ತು ನೋಡಬೇಕು. ಮಿಕ್ಸರ್, ಸ್ಪೀಕರುಗಳನ್ನು ಸರಿಯಾದ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಜೋಡಿಸಬೇಕು.

ಬೆಲೆಯ ವಿಚಾರದಲ್ಲಿ ನನ್ನ ಸಲಹೆ ಒಂದೇ: ಮಿಕ್ಸರಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ಮೈಕಿಗೂ ಗಟ್ಟಿಯಾದ ತಂತಿಗಳಿಗೂ ಮೀಸಲಿಡಬೇಕು. ಶೂರ್ ಸಂಸ್ಥೆ 1966ರಲ್ಲಿ ಹೊರತಂದ ಎಸ್‌ಎಂ58 ಎಂಬ ಮೈಕು ಇಂದಿಗೂ ವೇದಿಕೆಗಳಲ್ಲಿ ಕಾಣುತ್ತಿರುವುದು, ಒಳ್ಳೆಯ ಮೈಕು ಅನೇಕ ಮಿಕ್ಸರುಗಳ ಆಯುಷ್ಯವನ್ನು ಮೀರಿ ಬಾಳುತ್ತದೆಂಬುದಕ್ಕೆ ಸಾಕ್ಷಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ತಮ್ಮ ಊರಿನ ಅಂಗಡಿಯಲ್ಲಾಗಲಿ ಕೊಳ್ಳುವವರು ತಮ್ಮದೇ ಮೈಕನ್ನೂ ಮೊಬೈಲನ್ನೂ ಒಯ್ದು, ಪ್ರತಿಯೊಂದು ಚಾನೆಲಿನಲ್ಲಿ ಒಂದು ಪಲ್ಲವಿಯನ್ನಾದರೂ ಹಾಡಿ ನೋಡಬೇಕು. ಹೆಡ್‌ಫೋನ್ ಧರಿಸಿ ಗೇನನ್ನು ಮುಕ್ಕಾಲು ಭಾಗ ಏರಿಸಿದಾಗ ಹಿಸ್ಸೆಂಬ ಶಬ್ದ ದನಿಯನ್ನು ಕೆಡಿಸುವುದೇ, ತಿರುಗಣೆಗಳನ್ನು ಮೆಲ್ಲನೆ ತಿರುಗಿಸಿದಾಗ ಕರಕರವೆನ್ನುವುದೇ ಎಂದು ಪರೀಕ್ಷಿಸಬೇಕು. ರಿಪೇರಿ ತಮ್ಮ ಊರಿನಲ್ಲಿಯೇ ಆಗುವುದೇ, ಅಡಾಪ್ಟರ್ ಕೆಟ್ಟರೆ ಬೇರೊಂದು ಸುಲಭವಾಗಿ ಸಿಗುವುದೇ ಎಂಬ ಪ್ರಶ್ನೆಗಳನ್ನು ಹಣ ಕೊಡುವ ಮೊದಲೇ ಕೇಳತಕ್ಕದ್ದು.

ಕೊನೆಯದಾಗಿ, ನೆರೆಹೊರೆಯವರ ನಿದ್ರೆಗೂ ನಮ್ಮ ಹಾಡಿಗೂ ವಿರೋಧ ಉಂಟಾಗಬಾರದು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸುವುದು ಸಾಮಾನ್ಯವಾಗಿ ನಿಷಿದ್ಧ. ವಸತಿ ಪ್ರದೇಶಗಳಲ್ಲಿ ಹಗಲಿಗೆ 55, ಇರುಳಿಗೆ 45 ಡೆಸಿಬೆಲುಗಳ ಮಿತಿಯಿದೆ. ಕಂಠವೂ ಟ್ರ್ಯಾಕೂ ಹದವಾಗಿ ಬೆರೆತ ಕೂಟದಲ್ಲಿ ಅಬ್ಬರದ ಅವಶ್ಯಕತೆಯೇ ಬೀಳುವುದಿಲ್ಲ. ಮೆಲುದನಿಯಲ್ಲಿಯೂ ಪ್ರತಿಯೊಂದು ಪದ ಕೇಳಿಸುತ್ತದೆ. ಎರಡು ಉತ್ತಮ ಮೈಕುಸ್ಥಾನಗಳು, ಮೂರು ಸ್ವರನಿಯಂತ್ರಣಗಳು, ಹಿತಮಿತವಾದ ಅನುರಣನ, ಟ್ರ್ಯಾಕಿಗೊಂದು ಸ್ಟೀರಿಯೋ ಚಾನೆಲ್: ಇಷ್ಟನ್ನು ಪ್ರಾಮಾಣಿಕವಾಗಿ ಒದಗಿಸುವ ಸಣ್ಣ ಮಿಕ್ಸರು, ಗುಂಡಿಗಳ ಸಂಖ್ಯೆಯಿಂದ ಬೆರಗುಗೊಳಿಸುವ ದೊಡ್ಡದಕ್ಕಿಂತ ಹವ್ಯಾಸಿಗಳಿಗೆ ಹೆಚ್ಚು ಉಪಕಾರಿ. ದಿನವಿಡೀ ದುಡಿದು ಸಂಜೆಗೊಂದು ಹಾಡು ಹಾಡಲು ಬಂದವನ ದನಿ ಸಭೆಗೆ ಸ್ಪಷ್ಟವಾಗಿ ತಲುಪಬೇಕಾದದ್ದು ಆತನ ಹಕ್ಕು. ಕೂಟವನ್ನು ನಡೆಸುವವರು ಆ ಹಕ್ಕನ್ನು ಮುಂದಿಟ್ಟುಕೊಂಡು ಮಿಕ್ಸರನ್ನು ಆರಿಸಲಿ.