ದಾರಿ ತೋರುವ ಬಾಣ, ದಾರಿ ನೋಡುವ ಕಣ್ಣು

ಹಿಂದೆ ಪರಸ್ಥಳಕ್ಕೆ ಹೊರಟವರು ದಾರಿಯನ್ನು ಬಾಯಿಂದ ಕೇಳಿ, ಕಣ್ಣಿಂದ ಗುರುತಿಸಿ ಹೋಗುತ್ತಿದ್ದರು. ದೊಡ್ಡ ಹುಣಸೆಯ ಮರ ದಾಟಿದ ಮೇಲೆ ಎಡಕ್ಕೆ, ಹಳ್ಳ ಇಳಿದು ಹತ್ತಿದರೆ ಊರು ಎಂದು ಹೇಳಿದರೆ ಸಾಕಾಗುತ್ತಿತ್ತು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಾವೂ ಇಂಥ ಎರಡು ಮೂರು ಗುರುತುಗಳನ್ನು ನೆನಪಿನಲ್ಲಿಟ್ಟುಕೊಂಡು ಹತ್ತಾರು ಮೈಲಿ ನಡೆದು ಊರು ಸೇರಿದ್ದುಂಟು. ಈಗ ಆ ಹುಣಸೆಯ ಮರದ ಕೆಲಸವನ್ನು ಅಂಗೈಯಗಲದ ಫೋನು ಮಾಡುತ್ತಿದೆ. ಇದನ್ನು ಹಳಿಯುವ ಮನಸ್ಸು ನಮಗಿಲ್ಲ. ಅರ್ಧ ರಾತ್ರಿಯಲ್ಲಿ ಗುರುತಿಲ್ಲದ ಊರಿಗೆ ಹೋಗಬೇಕಾದವನಿಗೆ ಅದು ದೊಡ್ಡ ಆಸರೆ. ಆದರೆ ದಾರಿ ತೋರಿಸಲು ಬಂದ ವಸ್ತುವೇ ದಾರಿಯ ಮೇಲಿನ ಕಣ್ಣನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ಕಳೆದ ಮಾಘ ಮಾಸದಲ್ಲಿ ನಾವು ಕಣ್ಣಾರೆ ಕಂಡೆವು.

ಕಣ್ಣು ತಪ್ಪಿದ ಎರಡು ಕ್ಷಣ

ನಮ್ಮ ತಂಗಿಯ ಮಗ ಪಶುವೈದ್ಯ. ಹಗಲು ರಾತ್ರಿಯೆನ್ನದೆ ರೈತರ ಮನೆಗಳಿಗೆ ಮೋಟಾರ್ ಸೈಕಲ್ಲಿನ ಮೇಲೆ ತಿರುಗುವುದು ಅವನ ಕಾಯಕ. ಬೈಲಹೊಂಗಲ ಭಾಗದ ಒಂದು ಹಳ್ಳಿಯಲ್ಲಿ ನಮ್ಮ ಉಪನ್ಯಾಸವಿತ್ತು. ಅವನೇ ನಮ್ಮನ್ನು ಹಿಂದೆ ಕೂರಿಸಿಕೊಂಡು ಹೊರಟ. ಹೊತ್ತು ಮುಳುಗಿತ್ತು. ಹ್ಯಾಂಡಲಿಗೆ ಸಿಕ್ಕಿಸಿದ್ದ ಫೋನಿನಲ್ಲಿ ನಕ್ಷೆ ಬೆಳಗುತ್ತಿತ್ತು. ಅಷ್ಟರಲ್ಲಿ ಯಾರದೋ ಮದುವೆಯ ಕರೆಯೋಲೆಯ ಸಂದೇಶ ಬಂದು ನಕ್ಷೆಯ ಮೇಲೆ ಕುಳಿತುಕೊಂಡಿತು. ಅದನ್ನು ಸರಿಸಲು ಅವನು ಬೆರಳು ಚಾಚಿದ. ತಲೆಯೆತ್ತಿದಾಗ ಎದುರಿಗೆ ಕಬ್ಬು ತುಂಬಿದ ಟ್ರೇಲರು, ಹಿಂಬದಿಗೆ ಕೆಂಪು ದೀಪವೂ ಇಲ್ಲ. ಹುಡುಗ ಗಾಡಿಯನ್ನು ಹೊಲದ ಕಡೆಗೆ ತಿರುಗಿಸಿದ. ಬದುವಿನ ಮಣ್ಣು ಮೆತ್ತಗಿತ್ತು. ಇಬ್ಬರೂ ಬಿದ್ದೆವು, ಮೊಣಕಾಲು ತರಚಿದ್ದು ಬಿಟ್ಟರೆ ಬದುಕಿದೆವು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು, "ಮಾವಾ, ಅವ್ವಗ ಹೇಳಬ್ಯಾಡ್ರಿ" ಎಂದ. ಗಂಡನನ್ನು ಕಳೆದುಕೊಂಡ ನಮ್ಮ ತಂಗಿ, ಮಗನ ಗಾಡಿಯ ಸದ್ದು ಅಂಗಳದಲ್ಲಿ ಕೇಳುವವರೆಗೂ ದೀಪ ಆರಿಸುವವಳಲ್ಲ. ನಾವು ಹೇಳಲಿಲ್ಲ. ಆದರೆ ಆ ಫೋನನ್ನು ಹ್ಯಾಂಡಲಿನಿಂದ ಇಳಿಸಿ, ದಾರಿ ತಿಳಿಯಲು ಬೇರೆ ಉಪಾಯ ಹುಡುಕುವುದಾಗಿ ಅವನಿಂದ ಮಾತು ತೆಗೆದುಕೊಂಡೆವು. ಮುಂದಿನ ಒಂದು ತಿಂಗಳು ಮಾವ ಅಳಿಯ ಇಬ್ಬರೂ ಸೇರಿ ವಿಚಾರಿಸಿ ತಿಳಿದುಕೊಂಡುದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳಿಲ್ಲದ ಕುಟುಂಬ ಇಂದು ಎಲ್ಲಿದೆ?

ಮೊದಲು ಒಂದು ಲೆಕ್ಕ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿ ಎರಡು ಸೆಕೆಂಡಿನಲ್ಲಿ ಸುಮಾರು 33 ಮೀಟರು ಮುಂದೆ ಹೋಗುತ್ತದೆ. ಗಂಟೆಗೆ 40 ಕಿಲೋಮೀಟರು ಎಂದರೂ 22 ಮೀಟರು. ನಕ್ಷೆಯಲ್ಲಿ ಒಂದು ಹೆಸರನ್ನು ಓದಲು ಎರಡು ಸೆಕೆಂಡು ಬೇಕೇ ಬೇಕು. ಅಷ್ಟು ದೂರವನ್ನು ನಾವು ಕಣ್ಣು ಮುಚ್ಚಿಕೊಂಡೇ ಕ್ರಮಿಸಿದಂತಾಯಿತು. ಆದ್ದರಿಂದ ಸಾಧನವನ್ನು ಆರಿಸುವಾಗ ಅದು ಎಷ್ಟು ತೋರಿಸುತ್ತದೆ ಎಂದು ಕೇಳಬಾರದು. ಎಷ್ಟು ಬೇಗ ಕಣ್ಣನ್ನು ಬಿಟ್ಟುಕೊಡುತ್ತದೆ ಎಂದು ಕೇಳಬೇಕು.

ಯಂತ್ರವು ದಾರಿಯನ್ನು ಅರಿಯುವ ಬಗೆ

ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಸದಾ ಬಿತ್ತರಿಸುತ್ತಿರುತ್ತವೆ. ನಮ್ಮ ಕೈಯಲ್ಲಿರುವ ಯಂತ್ರವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವನ್ನು ಕೇಳಿ, ಅವು ತಲುಪಲು ಹಿಡಿದ ಕಾಲದಿಂದ ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರಕಾರವು ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿತ್ತು. ಅದನ್ನು ಕೈಬಿಟ್ಟ ಮೇಲೆಯೇ ಇಂಥ ಸಾಧನಗಳು ರಸ್ತೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬಂದವು. ನಮ್ಮ ಇಸ್ರೋ ಸಂಸ್ಥೆಯೂ 2013ರ ಜುಲೈನಿಂದ 2016ರ ಏಪ್ರಿಲ್ ವರೆಗೆ ಏಳು ಉಪಗ್ರಹಗಳನ್ನು ಹಾರಿಸಿ ‘ನಾವಿಕ್’ ಎಂಬ ಸ್ವದೇಶಿ ವ್ಯವಸ್ಥೆಯನ್ನು ಕಟ್ಟಿತು. ಅದರ ಕೇಂದ್ರವನ್ನು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಸ್ಥಾಪಿಸಿದ್ದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಇಲ್ಲಿ ಒಂದು ಅಂಶವನ್ನು ನೆನಪಿಡತಕ್ಕದ್ದು. ಉಪಗ್ರಹದ ಸಂಕೇತ ಕೇಳಲು ಸಿಮ್ ಬೇಡ, ಇಂಟರ್ನೆಟ್ ಬೇಡ; ತೆರೆದ ಆಕಾಶ ಕಾಣಿಸಿದರೆ ಸಾಕು. ಇಂಟರ್ನೆಟ್ ಬೇಕಾಗುವುದು ನಕ್ಷೆಯನ್ನು ತರಿಸಿಕೊಳ್ಳಲು. ದಾಂಡೇಲಿಯನ್ನು ದಾಟಿ ಕಾಡು ಹೊಕ್ಕವರ ಫೋನು ಮೂಕವಾಗುವುದು ಈ ಎರಡನೆಯ ಕಾರಣದಿಂದ. ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಟ್ಟುಕೊಂಡರೆ ಆ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ನಾಲ್ಕು ಬಗೆಯ ಸಾಧನಗಳು

ಮೊದಲನೆಯದು, ಎಲ್ಲರ ಬಳಿಯಿರುವ ಫೋನನ್ನೇ ಹ್ಯಾಂಡಲಿಗೆ ಕಟ್ಟುವುದು. ಖರ್ಚು ಕಡಿಮೆ. ಗೂಗಲ್ ನಕ್ಷೆಯಲ್ಲಿ 2017ರ ಡಿಸೆಂಬರಿನಿಂದ ಭಾರತದ ದ್ವಿಚಕ್ರ ವಾಹನಗಳಿಗೆಂದೇ ಪ್ರತ್ಯೇಕ ದಾರಿ ತೋರಿಸುವ ಅನುಕೂಲ ಬಂದಿತು. ಆದರೆ ಮಳೆ, ಬಿಸಿಲು, ಧೂಳು, ಕಳ್ಳತನಗಳ ಜೊತೆಗೆ ಇಂಜಿನ್ನಿನ ನಡುಕವೂ ಫೋನಿಗೆ ಶತ್ರು. ಮೋಟಾರ್ ಸೈಕಲ್ಲಿನ ತೀವ್ರ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಫೋನು ದಾರಿಯೊಂದನ್ನೇ ತೋರಿಸುವುದಿಲ್ಲ. ಊರವರ ಮಾತನ್ನೆಲ್ಲ ತಂದು ಕಣ್ಣ ಮುಂದೆ ಹರಡುತ್ತದೆ.

ಎರಡನೆಯದು, ಮೋಟಾರ್ ಸೈಕಲ್ಲಿಗೆಂದೇ ತಯಾರಾದ ದೊಡ್ಡ ಪರದೆಯ ಸಾಧನ. ಗಾರ್ಮಿನ್ ಕಂಪನಿಯ ಜೂಮೋ ಇಂಥದು. ನಕ್ಷೆ ಅದರೊಳಗೇ ಇರುತ್ತದೆ, ಫೋನಿನ ಹಂಗಿಲ್ಲ. ವಾರಗಟ್ಟಲೆ ದೂರದ ಪ್ರಯಾಣ ಮಾಡುವವರಿಗೆ ಯೋಗ್ಯ. ಆದರೆ ಬೆಲೆ ಹೆಚ್ಚು, ಪರದೆಯ ಮೇಲೆ ವಿವರವೂ ಹೆಚ್ಚು. ನಮ್ಮ ಅಳಿಯನ ಆಸೆ ಮೊದಲು ಇದರ ಮೇಲೆಯೇ ಇತ್ತು.

ಮೂರನೆಯದು, ಬಾಣವನ್ನಷ್ಟೇ ತೋರಿಸುವ ಚಿಕ್ಕ ದುಂಡು ಸಾಧನ. ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಮೀಟರು ದೂರ, ಇಷ್ಟೇ ಅದರ ಮಾತು. ರಾಯಲ್ ಎನ್‌ಫೀಲ್ಡ್ ಕಂಪನಿಯು 2020ರಲ್ಲಿ ತನ್ನ ಮೀಟಿಯಾರ್ 350 ಗಾಡಿಯೊಡನೆ ತಂದ ‘ಟ್ರಿಪ್ಪರ್’ ಈ ಜಾತಿಯದು. ಲಂಡನ್ನಿನ ಬೀಲೈನ್ ಕಂಪನಿಯ ಸಾಧನವೂ ಇದೇ ವಿಚಾರದಿಂದ ಹುಟ್ಟಿದ್ದು. ಇಂಥವು ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಿಕೊಂಡು ಕೆಲಸ ಮಾಡುತ್ತವೆ. ಫೋನು ಜೇಬಿನಲ್ಲಿ ಅಡಗಿ ಲೆಕ್ಕ ಹಾಕುತ್ತದೆ, ಬಾಣ ಹೊರಗೆ ಕಾಣಿಸುತ್ತದೆ. ಫೋನಿನ ಬ್ಯಾಟರಿ ಮುಗಿದರೆ ಬಾಣವೂ ನಿಲ್ಲುವುದೆಂಬುದು ಇದರ ಮಿತಿ.

ನಾಲ್ಕನೆಯದು ದನಿ. ಗೂಗಲ್ ನಕ್ಷೆಯು 2018ರಿಂದ ಕನ್ನಡದಲ್ಲಿಯೂ ತಿರುವುಗಳನ್ನು ಹೇಳತೊಡಗಿತು. ಕಣ್ಣಿಗೆ ತೊಂದರೆಯಿಲ್ಲದ ಮಾರ್ಗವಿದು. ಆದರೆ ಎರಡೂ ಕಿವಿಗೆ ಇಯರ್‌ಫೋನ್ ತುಂಬಿಕೊಂಡರೆ ಹಿಂದೆ ಬರುವ ಬಸ್ಸಿನ ಹಾರ್ನು ಕೇಳಿಸದು. ಕಣ್ಣನ್ನು ಉಳಿಸಲು ಹೋಗಿ ಕಿವಿಯನ್ನು ಕಳೆದುಕೊಂಡಂತೆ.

ಕೊಳ್ಳುವಾಗ ನೋಡತಕ್ಕದ್ದು

ಅಂಗಡಿಯಲ್ಲಿ ಸಾಧನವನ್ನು ಒಂದು ಮಾರು ದೂರದಲ್ಲಿಟ್ಟು, ಒಮ್ಮೆ ನೋಡಿ, ಕೂಡಲೇ ಮುಖ ತಿರುಗಿಸಿರಿ. ಯಾವ ಕಡೆ, ಎಷ್ಟು ದೂರ ಎಂಬುದು ತಿಳಿದಿದ್ದರೆ ಅದು ಯೋಗ್ಯ. ಎರಡನೆಯ ಸಲ ನೋಡಬೇಕೆನಿಸಿದರೆ ಬೇಡ. ಅದನ್ನೇ ಹೊರಗೆ ತಂದು ನಡು ಮಧ್ಯಾಹ್ನದ ಬಿಸಿಲಿನಲ್ಲಿ ಓದಲು ಬರುವುದೋ ಪರೀಕ್ಷಿಸಿರಿ. ರಾತ್ರಿ ಬೆಳಕು ತಾನಾಗಿ ಇಳಿಯಬೇಕು. ಇಲ್ಲದಿದ್ದರೆ ಅದೇ ಕಣ್ಣು ಕುಕ್ಕುತ್ತದೆ. ಕೈಗವಸು ತೊಟ್ಟೇ ಗುಂಡಿ ಒತ್ತಲು ಬರಬೇಕು.

ನೀರು ಧೂಳುಗಳ ತಡೆಗೆ ಐಪಿ 67 ಎಂಬ ಗುರುತಿದ್ದರೆ ಉತ್ತಮ. ಅದರಲ್ಲಿ 6 ಎಂದರೆ ಧೂಳು ಒಳಹೋಗದು, 7 ಎಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ ಎಂದು ಅರ್ಥ. ನಮ್ಮ ಮುಂಗಾರಿಗೆ ಇದು ಅತಿಯಲ್ಲ. ಕೆಟ್ಟರೆ ರಿಪೇರಿ ಎಲ್ಲಿ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿರಿ.

ಕೂರಿಸುವ ಜಾಗವೂ ಮುಖ್ಯ. ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟರೆ ತಲೆ ತಗ್ಗಿಸಬೇಕಾಗುತ್ತದೆ. ರಸ್ತೆಯ ನೋಟಕ್ಕೆ ಸಮೀಪವಾಗಿ, ಹ್ಯಾಂಡಲಿನ ನಡುವೆ ಇರಬೇಕು. ಮೀಟರಿನ ದೀಪಗಳನ್ನು ಮುಚ್ಚಬಾರದು. ಹ್ಯಾಂಡಲು ಪೂರ್ತಿ ತಿರುಗಿಸಿದಾಗ ಯಾವ ತಂತಿಗೂ ತಾಗಬಾರದು.

ಕೆಲವು ಸಾಧನಗಳಲ್ಲಿ ದಿಕ್ಸೂಚಿಯಂತೆ ಊರಿನ ದಿಕ್ಕನ್ನಷ್ಟೇ ತೋರಿಸುವ ಕ್ರಮವೂ ಉಂಟು. ಬಯಲುಸೀಮೆಯಲ್ಲಿ ಅದು ಸೊಗಸು. ಘಟ್ಟದಲ್ಲಿ ಅದನ್ನು ನಂಬಬಾರದು. ಊರು ಎರಡೇ ಮೈಲಿ ಎಂದು ಬಾಣ ಹೇಳೀತು, ನಡುವೆ ಕಣಿವೆ ಇದ್ದೀತು.

ಹೊರಡುವ ಮುನ್ನ

ಯಾವ ಸಾಧನವೇ ಆಗಲಿ, ಅಂಗಳದಲ್ಲಿ ನಿಂತಾಗಲೇ ಊರಿನ ಹೆಸರು ತುಂಬಿ, ದಾರಿಯನ್ನು ಒಮ್ಮೆ ಪೂರ್ತಿ ನೋಡಿ, ಮೂರು ದೊಡ್ಡ ತಿರುವುಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಫೋನಿನ ಸಂದೇಶ ಸೂಚನೆಗಳನ್ನು ಮೌನವಾಗಿಸಬೇಕು. ದಾರಿ ತಪ್ಪಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿಯೇ ಯಂತ್ರವನ್ನು ಮುಟ್ಟಬೇಕು. ಚಾಲನೆ ಮಾಡುವಾಗ ಕೈಯ ಫೋನನ್ನು ದಾರಿ ತಿಳಿಯಲು ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2020ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಕಾನೂನು ಹೇಳಿದ್ದು ಆಗ. ಹೊಲದ ಬದು ನಮಗೆ ಹೇಳಿದ್ದು ಅದಕ್ಕಿಂತ ಗಟ್ಟಿಯಾಗಿ.

ನಮ್ಮ ಅಳಿಯ ಕಡೆಗೆ ಕೈಗಡಿಯಾರಕ್ಕಿಂತ ತುಸು ದೊಡ್ಡದಾದ ಬಾಣದ ಸಾಧನವನ್ನೇ ತಂದ. ದೊಡ್ಡ ಪರದೆ ಏಕೆ ಬಿಟ್ಟೆ ಎಂದು ಕೇಳಿದೆವು. "ಅದನ್ನ ನೋಡಾಕ ಚಲೋ ಐತಿ ಮಾವಾ, ಅದಕ್ಕ ಬ್ಯಾಡ ಅಂದೆ" ಎಂದ. ಈ ಮಾತಿಗೆ ನಾವು ಸೇರಿಸುವಂಥದು ಏನೂ ಇರಲಿಲ್ಲ.

ಅದನ್ನು ಗಾಡಿಗೆ ಕೂರಿಸುವಾಗ ನಮ್ಮ ತಂಗಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. "ಇಷ್ಟು ಸಣ್ಣದು, ಇದಕ್ಕೆಲ್ಲಾ ದಾರಿ ಗೊತ್ತೈತೇನೋ?" ಎಂದು ಕೇಳಿದಳು. ಮಗ ತಲೆಯೆತ್ತದೆ ಉತ್ತರ ಕೊಟ್ಟ: "ಇದು ಬರೇ ತಿರುವು ಹೇಳತೈತಿ ಅವ್ವಾ. ದಾರಿ ನಾನ ನೋಡಬೇಕು."

ಹೊಲಕ್ಕೆ ಬಿದ್ದ ಸಂಗತಿಯನ್ನು ಅವಳಿಗೆ ಆ ದಿನವೇ ಅವನು ತಾನಾಗಿ ಹೇಳಿದನಂತೆ. ತಂಗಿ ಈಗಲೂ ಗಾಡಿಯ ಸದ್ದು ಕೇಳುವವರೆಗೆ ದೀಪ ಆರಿಸುವುದಿಲ್ಲ. ಅದನ್ನು ಬಿಡಿಸುವ ಯಂತ್ರವಿಲ್ಲ, ಇರಬೇಕಾಗಿಯೂ ಇಲ್ಲ. ಮನೆಯಲ್ಲಿ ದೀಪವಿಟ್ಟು ಕಾಯುವವರೊಬ್ಬರು ಇದ್ದಾರೆಂಬ ನೆನಪು ಗಾಡಿ ಹತ್ತುವ ಪ್ರತಿಯೊಬ್ಬ ಮಗನಿಗೂ ಮಗಳಿಗೂ ಇರಲಿ. ಹೋದವರೆಲ್ಲರೂ ಸುಖವಾಗಿ ಮನೆ ಸೇರಲಿ ಎಂಬುದೇ ನಮ್ಮ ಹಾರೈಕೆ.