ನರ್ಸಿಂಗ್: ಮೂರು ವರ್ಷವೋ, ನಾಲ್ಕು ವರ್ಷವೋ?

ಶಿಕಾರಿಪುರ, ಸೊರಬದಂಥ ಊರುಗಳಲ್ಲಿ
ಪಿಯುಸಿ ಮುಗಿಸಿ ನರ್ಸಿಂಗ್ ಓದಲು ಬಯಸುವವರಿಗೆ
ಕಡಿಮೆ ಅವಧಿಯ ಕೋರ್ಸ್ ನಿಜಕ್ಕೂ ಬೇಗ ಗುರಿ ಮುಟ್ಟಿಸುತ್ತದೆಯೇ?

ಅವರ ಮುಂದಿರುವ ಮುಖ್ಯ ಆಯ್ಕೆ
ಜಿಎನ್‌ಎಂ ಎಂಬ 3 ವರ್ಷದ ಡಿಪ್ಲೊಮಾ
ಮತ್ತು 4 ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಪದವಿಯ ನಡುವೆ.

ಅಲ್ಪಾವಧಿ ಭತ್ತ ಬೇಗ ಕೊಯ್ಲಿಗೆ ಬರುವಂತೆ
ಡಿಪ್ಲೊಮಾ ಒಂದು ವರ್ಷ ಮೊದಲೇ ಸಂಬಳ ತರಬಲ್ಲದು.
ಆದರೆ ಮುಂದೆ ಪದವಿ ಬೇಕೆನಿಸಿದರೆ,
ಜಿಎನ್‌ಎಂ ಮುಗಿಸಿ ನರ್ಸ್ ಆಗಿ ನೋಂದಾಯಿಸಿಕೊಂಡವರಿಗೆಂದೇ ಇರುವ
ಪೋಸ್ಟ್ ಬೇಸಿಕ್ ಬಿ.ಎಸ್‌ಸಿ.ಯನ್ನು
ಇನ್ನೂ 2 ವರ್ಷ ಓದಬೇಕಾಗಿ,
ಒಟ್ಟು ಅವಧಿ 5 ವರ್ಷಕ್ಕೇರುತ್ತದೆ.

ಎಂ.ಎಸ್‌ಸಿ. ಮಾಡಿ ಬೋಧಕರಾಗುವ ಹಂಬಲವುಳ್ಳವರಿಗೆ
ನೇರ ಪದವಿಯೇ ಖಂಡಿತ ಉತ್ತಮ.
ಮನೆಗೆ ದುಡಿಮೆ ತುರ್ತಾಗಿರುವವರು ಡಿಪ್ಲೊಮಾ ಆರಿಸಿಕೊಂಡರೆ
ಅದನ್ನು ಯಾರೂ ಕೀಳಾಗಿ ಕಾಣಬಾರದು,
ಏಕೆಂದರೆ ಎರಡೂ ಓದು ಮುಗಿಸಿದವರು
ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿತ ನರ್ಸ್‌ಗಳೇ ಆಗುತ್ತಾರೆ.

ಬಿ.ಎಸ್‌ಸಿ.ಗೆ ಪಿಯುಸಿಯಲ್ಲಿ
ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು;
ಜಿಎನ್‌ಎಂಗಾದರೆ ವಿಜ್ಞಾನಕ್ಕೆ ಆದ್ಯತೆಯಿದ್ದರೂ
ಕಲಾ, ವಾಣಿಜ್ಯ ವಿಭಾಗದವರೂ ಅರ್ಜಿ ಹಾಕಬಹುದು.